ಹೊಲಿಗೆ ಟೀಚರ ಕೆಮ್ಮು

ಆಯಾ ಪೆಣ್ಣಮ್ಮನಿಗೆ ಕ್ಷಯ ತಗಲಿದೆಯೆಂದು ಹೆಡ್‌ಮಿಸ್ಟ್ರೆಸ್‌ಗೆ ತಿಳಿಸಿದವಳು ಸೌದಾಮಿನಿಯೇ. ಎರ್ನಾಕುಲಂನ ಆ ಹೆಣ್ಣುಮಕ್ಕಳ ಶಾಲೆಗೆ ನರ್ಸಾಗಿ ಸೇರಿ ಆಗ ಅವಳಿಗೆ ವರ್ಷವೂ ತುಂಬಿರಲಿಲ್ಲ. ಶಾಲೆಯ ನಿಯಮದಲ್ಲಿ ಗೊಂದಲವೇನೂ ಇರಲಿಲ್ಲ: ಅಂಟುರೋಗ ಕಂಡರೆ ನರ್ಸ್ ಅದೇ ದಿನ ಹೆಡ್‌ಮಿಸ್ಟ್ರೆಸ್‌ಗೆ ಹೇಳಬೇಕು, ಹೊರಗಿನವರಿಗೆ ಹೇಳಕೂಡದು. ಪೆಣ್ಣಮ್ಮನನ್ನು ಮಧ್ಯಾಹ್ನದೊಳಗೆ ಗೇಟಿನಾಚೆ ಕಳಿಸಿದರು. ಅವಳಿಗೆ ಆಸ್ಪತ್ರೆಯ ದಾರಿ ತೋರಿಸಿದವರಿಲ್ಲ, ಗುಣವಾದರೆ ಮರಳಿ ಬಾ ಎಂದವರೂ ಇಲ್ಲ. ಮಳೆಗಾಲ ಮುಗಿಯುವ ಮೊದಲೇ ಅವಳು ಸತ್ತ ಸುದ್ದಿ ಬಂತು. ಯಾರೂ ಸೌದಾಮಿನಿಯನ್ನು ದೂರಲಿಲ್ಲ. ಆದರೆ ಅಂದು ಗೇಟು ದಾಟುವಾಗ ಪೆಣ್ಣಮ್ಮ ಒಮ್ಮೆ ಹಿಂತಿರುಗಿ ನೋಡಿದ್ದಳು. ಆ ನೋಟ ಸೌದಾಮಿನಿಯನ್ನು ಬಿಟ್ಟು ಹೋಗಲಿಲ್ಲ.

ಮರುವರ್ಷ, ಐವತ್ತೆಂಟರ ಮಳೆಗಾಲದಲ್ಲಿ, ಚಂದ್ರಾವತಿ ಕೆಮ್ಮತೊಡಗಿದಳು.

ಚಂದ್ರಾವತಿ ಅದೇ ಶಾಲೆಯ ಹೊಲಿಗೆ ಟೀಚರ್. ಇಬ್ಬರೂ ಕಾಸರಗೋಡಿನ ಕಡೆಯವರು, ಇಬ್ಬರಿಗೂ ಕನ್ನಡ ಮನೆಮಾತು. ಕಲೂರಿನಲ್ಲಿ ಎರಡು ಕೋಣೆ ಹಿಡಿದು ಒಟ್ಟಿಗೇ ಇದ್ದರು. ಚಂದ್ರಾವತಿ ಹತ್ತು ವರ್ಷ ದೊಡ್ಡವಳು, ವಿಧವೆ. ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಜೀವ ಸವೆಸಲಾರೆನೆಂದು ಹಟ ಹಿಡಿದು, ಹೊಲಿಗೆ ಪರೀಕ್ಷೆ ಪಾಸು ಮಾಡಿ ಈ ಕೆಲಸ ಸಂಪಾದಿಸಿದ್ದಳು. ಸೌದಾಮಿನಿ ಮಂಗಳೂರಿನಲ್ಲಿ ನರ್ಸಿಂಗ್ ಕಲಿತವಳು. ಹೊಸ ಊರು, ಬಾರದ ಮಲಯಾಳ ಎಂದು ಅವಳು ಅಳುತ್ತಿದ್ದ ದಿನಗಳಲ್ಲಿ ಬಸ್ಸಿನ ದಾರಿಯಿಂದ ಹಿಡಿದು ಮೀನಿನ ವಾಸನೆ ಸಹಿಸುವುದರ ತನಕ ಎಲ್ಲ ಕಲಿಸಿದವಳು ಚಂದ್ರಾವತಿ.

ಒಂದು ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಚಂದ್ರಾವತಿ ಕರವಸ್ತ್ರ ಉಜ್ಜುತ್ತಿದ್ದಳು. ಕಲ್ಲಿನಿಂದ ಇಳಿದ ನೀರು ತೆಳುಗೆಂಪಾಗಿತ್ತು.

“ಎಂತ ಚಂದ್ರಕ್ಕ ಅದು?”

“ಎಂತದೂ ಇಲ್ಲ ಮಾರಾಯ್ತಿ. ವಸಡಿನ ರಕ್ತ.”

“ಬಾಯಿ ತೆರೆಯಿರಿ, ನೋಡ್ತೇನೆ.”

ಚಂದ್ರಾವತಿ ಬಾಯಿ ತೆರೆಯಲಿಲ್ಲ. ಕರವಸ್ತ್ರ ಹಿಂಡಿ ಅಲ್ಲೇ ಕುಕ್ಕರಿಸಿದಳು. “ನಂಗೂ ಗೊತ್ತುಂಟು ಸೌದಾಮಿನಿ. ಪೆಣ್ಣಮ್ಮ ಹೀಗೆಯೇ ಕೆಮ್ಮುತ್ತಿದ್ದದ್ದು.”

ಓಣಂ ರಜೆಯಲ್ಲಿ, ಶಾಲೆಯವರ ಕಣ್ಣಿಗೆ ಬೀಳದಂತೆ, ಇಬ್ಬರೂ ತಿರುವನಂತಪುರದ ರೈಲು ಹತ್ತಿದರು. ಕ್ಷಯದ ಆಸ್ಪತ್ರೆಯ ವೈದ್ಯರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡ ಶ್ವಾಸಕೋಶದ ಮೇಲೆ ಮೋಡದಂತಿದ್ದ ಮಚ್ಚೆ ತೋರಿಸಿದರು. ಹಾಸಿಗೆ ಖಾಲಿಯಿರಲಿಲ್ಲ, ಸರದಿ ಬಂದಾಗ ಕರೆಸುತ್ತೇವೆ ಎಂದರು. ಅಲ್ಲಿಯವರೆಗೆ ಮನೆಯಲ್ಲೇ ಸ್ಟ್ರೆಪ್ಟೋಮೈಸಿನ್ ಚುಚ್ಚಬೇಕು, ಜೊತೆಗೆ ಮಾತ್ರೆ. “ಕೆಲಸ ಏನು?” ಎಂದು ಕೇಳಿದರು. ಚಂದ್ರಾವತಿ “ಮನೆಯಲ್ಲೇ ಹೊಲಿಗೆ” ಎಂದುಬಿಟ್ಟಳು. ವೈದ್ಯರು ಸೌದಾಮಿನಿಯತ್ತ ನೋಡಿದರು. ಸೌದಾಮಿನಿ ತಲೆ ತಗ್ಗಿಸಿದಳು.

ಮರಳುವಾಗ ಕೊಲ್ಲಂ ದಾಟಿದ ಮೇಲೆ ಡಬ್ಬಿಯಲ್ಲಿ ಜನ ಕರಗಿದರು. ಚಂದ್ರಾವತಿ ಎದುರು ಸೀಟಿನಿಂದ ಎದ್ದುಬಂದು ಸೌದಾಮಿನಿಯ ಎರಡೂ ಕೈ ಹಿಡಿದುಕೊಂಡಳು.

“ಮಾರ್ಚಿವರೆಗೆ ಯಾರಿಗೂ ಹೇಳ್ಬೇಡ. ಬೇಸಿಗೆ ರಜೆಯಲ್ಲಿ ಎಲ್ಲಿಗಾದರೂ ಹೋಗಿ ಮಲಗ್ತೇನೆ. ಈಗ ಹೇಳಿದರೆ ನಾಳೆಯೇ ನನ್ನನ್ನು ಗೇಟಿನ ಹೊರಗೆ ಹಾಕ್ತಾರೆ. ಅಣ್ಣನ ಮನೆಯಲ್ಲಿ ಕ್ಷಯದ ಹೆಂಗಸಿಗೆ ಜಾಗ ಕೊಡ್ತಾರಾ? ಕೊಟ್ಟಿಗೆಯಲ್ಲಿಯೂ ಇಲ್ಲ.”

“ಮಕ್ಕಳಿದ್ದಾರೆ ಚಂದ್ರಕ್ಕ.”

“ಸೂಜಿ ಶುರು ಮಾಡಿದ ಮೇಲೆ ಹರಡುವುದು ಕಡಿಮೆ ಆಗ್ತದೆ ಅಂತ ಡಾಕ್ಟ್ರೇ ಹೇಳಿದರಲ್ಲ. ನಿನ್ನ ಕಾಲು ಹಿಡೀತೇನೆ.” ಅವಳು ನಿಜಕ್ಕೂ ಬಗ್ಗಿದಳು. ಸೌದಾಮಿನಿ ಅವಳನ್ನು ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡಳು. ಮನಸ್ಸಿನಲ್ಲಿ ಪೆಣ್ಣಮ್ಮ ಹಿಂತಿರುಗಿ ನೋಡುತ್ತಿದ್ದಳು. ಎರ್ನಾಕುಲಂ ಬರುವಷ್ಟರಲ್ಲಿ ಸೌದಾಮಿನಿ ಆಗಲಿ ಎಂದಿದ್ದಳು.

ಅಂದಿನಿಂದ ಪ್ರತಿ ಬೆಳಿಗ್ಗೆ ಸೀಮೆಎಣ್ಣೆ ಸ್ಟವ್ವಿನ ಮೇಲೆ ಸಿರಿಂಜು ಕುದಿಯಿತು. ಚಂದ್ರಾವತಿಯ ತಟ್ಟೆ ಲೋಟ ಬೇರೆಯಾದವು. ಹೊಲಿಗೆ ಕೋಣೆಯಲ್ಲಿ ಸೆಖೆಯೆಂದು ನೆಪ ಹೇಳಿ ಸೌದಾಮಿನಿ ಮಕ್ಕಳ ಬೆಂಚುಗಳನ್ನು ಕಿಟಕಿಯ ಕಡೆಗೆ ಸರಿಸಿದಳು. ಅದಕ್ಕಿಂತ ಹೆಚ್ಚು ಮಾಡಲು ಅವಳಿಗೆ ಹೊತ್ತೂ ಇರಲಿಲ್ಲ. ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಯೇ ಅವಳ ರೋಗಿಗಳ ಕೋಣೆ. ಅಲ್ಲೊಂದು ಕಬ್ಬಿಣದ ಮಂಚ, ಬಾಗಿಲಿಲ್ಲದ ಕಪಾಟು. ಹೇನು, ಕಜ್ಜಿ, ಸಿಡುಬಿನ ಲಸಿಕೆಯ ಗುರುತು, ದೃಷ್ಟಿಪರೀಕ್ಷೆ ಎಲ್ಲ ಅವಳದೇ. ಟೀಚರ್ ಯಾರಾದರೂ ರಜೆ ಹಾಕಿದರೆ ಆ ತರಗತಿ ಕಾಯುವುದೂ ಅವಳೇ. ಜ್ವರವಿಲ್ಲದ ಮಗುವನ್ನು ಮಂಚದ ಮೇಲೆ ಮಲಗಿಸಕೂಡದು, ತರಗತಿಗೆ ಮರಳಿಸಬೇಕು ಎಂಬ ನಿಯಮ ಬೇರೆ. ಸೋಮಾರಿ ಮಕ್ಕಳಿಗೆ ಶಾಲೆ ಛತ್ರವಲ್ಲ ಎಂದು ಹೆಡ್‌ಮಿಸ್ಟ್ರೆಸ್ ಭಾರ್ಗವಿಯಮ್ಮ ಹೇಳುತ್ತಿದ್ದರು.

ಕ್ರಿಸ್ಮಸ್ ಹೊತ್ತಿಗೆ ಚಂದ್ರಾವತಿಯ ಕೆನ್ನೆ ತುಂಬಿಕೊಂಡಿತು, ಕೆಮ್ಮು ಇಳಿಯಿತು. ತಾನು ಮಾಡಿದ್ದು ಸರಿಯೆಂದೇ ಸೌದಾಮಿನಿ ನಂಬತೊಡಗಿದಳು.

ಎರಡನೆಯ ತರಗತಿಯಲ್ಲಿ ವಸಂತಿ ಎಂಬ ಹುಡುಗಿಯಿದ್ದಳು. ತಂದೆ ಕೃಷ್ಣಾನಂದ ಮೈಸೂರಿನ ಕಡೆಯವರು, ಬ್ಯಾಂಕಿನಲ್ಲಿ ಕೆಲಸ. ವಸಂತಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಉತ್ತರ ಮಾತ್ರ ಮಲಯಾಳದಲ್ಲಿ. “ಇಲ್ಲಿ ಬಾ ಚಿನ್ನ” ಎಂದು ಚಂದ್ರಾವತಿ ಕರೆದರೆ “ವರುನ್ನು ಟೀಚರ್” ಎಂದು ಓಡಿಬರುತ್ತಿದ್ದಳು. ಶಾಲೆ ತೆರೆದ ಮೊದಲ ಮಳೆಯಿಂದಲೂ ಅವಳಿಗೆ ಚಂದ್ರಾವತಿಯ ಮಡಿಲೇ ಜಾಗ. ಸೂಜಿಗೆ ನೂಲು ಪೋಣಿಸುವಾಗ ಇಬ್ಬರ ಕೆನ್ನೆಗೆ ಕೆನ್ನೆ ತಾಗುತ್ತಿತ್ತು.

ಜನವರಿಯಲ್ಲಿ ವಸಂತಿ ತಲೆನೋವೆಂದು ಮೆಟ್ಟಿಲ ಕೆಳಗೆ ಬಂದಳು. ಮೈ ಬೆಚ್ಚಗಿರಲಿಲ್ಲ. ಸೌದಾಮಿನಿ ನೀರು ಕುಡಿಸಿ ತರಗತಿಗೆ ಕಳಿಸಿದಳು. ಮತ್ತೊಂದು ದಿನ ವಾಂತಿ ಮಾಡಿಕೊಂಡು ಬಂದಳು, ಆಗಲೂ ಜ್ವರವಿರಲಿಲ್ಲ. ಸ್ವಲ್ಪ ಹೊತ್ತು ಮಂಚದ ಮೇಲೆ ಮಲಗಿಸಿದ್ದನ್ನು ಭಾರ್ಗವಿಯಮ್ಮ ನೋಡಿದರು.

“ಏನು ಸಿಸ್ಟರ್, ಗಣಿತದ ಪರೀಕ್ಷೆ ಇದ್ದರೆ ನನಗೂ ವಾಂತಿ ಬರುತ್ತಿತ್ತು. ಕಳಿಸಿ ಒಳಗೆ.”

ಸೌದಾಮಿನಿ ಕಳಿಸಿದಳು. ವಾರ ಕಳೆಯುವಷ್ಟರಲ್ಲಿ ಮಗು ತರಗತಿಯಲ್ಲೇ ಕುಸಿಯಿತು. ಎತ್ತಿಕೊಂಡಾಗ ಕುತ್ತಿಗೆ ಕಟ್ಟಿಗೆಯಂತೆ ಸೆಟೆದಿತ್ತು. ಓಡಿಬಂದ ಚಂದ್ರಾವತಿಯ ಮುಖ ನೋಡಿಯೂ ಅದು “ಟೀಚರ್” ಎನ್ನಲಿಲ್ಲ. ಈ ಬಾರಿ ಸೌದಾಮಿನಿ ಯಾರ ಅಪ್ಪಣೆಗೂ ಕಾಯಲಿಲ್ಲ. ರಿಕ್ಷಾ ಕರೆಸಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಳು.

ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಿದ ಮೇಲೆ ವೈದ್ಯರು ಕೃಷ್ಣಾನಂದರನ್ನೂ ಸೌದಾಮಿನಿಯನ್ನೂ ವರಾಂಡಕ್ಕೆ ಕರೆದರು. “ಕ್ಷಯ ಮಿದುಳಿನ ಪೊರೆಗೆ ಏರಿದೆ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯೆ?”

“ಯಾರಿಗೂ ಇಲ್ಲ ಡಾಕ್ಟ್ರೇ,” ಎಂದರು ಕೃಷ್ಣಾನಂದ. “ನಾವು ಮೂರೇ ಜನ. ಅಡುಗೆಯವಳನ್ನೂ ಇಟ್ಟುಕೊಂಡಿಲ್ಲ.”

“ಶಾಲೆಯಲ್ಲಿ?”

ಕೃಷ್ಣಾನಂದರು ಸೌದಾಮಿನಿಯ ಕಡೆ ತಿರುಗಿದರು. ಆ ಮುಖದಲ್ಲಿ ಸಂಶಯವಿರಲಿಲ್ಲ, ಬರೀ ಭರವಸೆಯಿತ್ತು. ನರ್ಸ್ ಇರುವ ಶಾಲೆಯೆಂದೇ ಮಗಳನ್ನು ಅಲ್ಲಿಗೆ ಸೇರಿಸಿದ್ದವರು ಅವರು.

“ಇದ್ದಾರೆ,” ಎಂದಳು ಸೌದಾಮಿನಿ.

ಅವಳು ಎಲ್ಲವನ್ನೂ ಹೇಳಿದಳು. ಕೃಷ್ಣಾನಂದರು ಬಯ್ಯಲಿಲ್ಲ. ವರಾಂಡದ ಕಂಬಕ್ಕೆ ಒರಗಿ, “ನಿಮಗೆ ಗೊತ್ತಿತ್ತೇನಮ್ಮ?” ಎಂದು ಒಂದೇ ಮಾತು ಕೇಳಿದರು. ವೈದ್ಯರು ಮಧ್ಯೆ ಬಂದು, ರೋಗ ಎಲ್ಲಿಂದ ಬಂತೆಂದು ಆಣೆಯಿಟ್ಟು ಹೇಳಲಾಗದು, ಬಸ್ಸಿನಲ್ಲಿ ಕೆಮ್ಮಿದವರಿಂದಲೂ ಬಂದಿರಬಹುದು ಎಂದರು. ಆಮೇಲೆ ದನಿ ತಗ್ಗಿಸಿ ಸೌದಾಮಿನಿಗೆ ಹೇಳಿದರು: “ಆದರೆ ಆ ಟೀಚರ ರೋಗ ಗೊತ್ತಾದ ದಿನವೇ ಮಕ್ಕಳನ್ನೆಲ್ಲ ಪರೀಕ್ಷಿಸಿದ್ದರೆ ಇವಳ ರೋಗವೂ ಆಗಲೇ ತಿಳಿಯುತ್ತಿತ್ತು. ಅದು ನಿಮಗೂ ಗೊತ್ತು. ಉಳಿದವರನ್ನಾದರೂ ನೋಡಿಸಿ.”

ಸೌದಾಮಿನಿ ಅಲ್ಲಿಂದ ನೇರ ಭಾರ್ಗವಿಯಮ್ಮನ ಕೋಣೆಗೆ ಹೋದಳು. ಭಾರ್ಗವಿಯಮ್ಮ ಪೂರ್ತಿ ಕೇಳಿ, ಎದ್ದು ಬಾಗಿಲು ಮುಚ್ಚಿದರು.

“ಚಂದ್ರಾವತಿ ಟೀಚರ್ ಮನೆಯ ತಾಪತ್ರಯದಿಂದ ಇವತ್ತೇ ಕೆಲಸ ಬಿಡುತ್ತಾರೆ. ಮಗುವಿಗೆ ಬಂದದ್ದು ಮಿದುಳಿನ ಜ್ವರ. ಅಲ್ಲಿಗೆ ಮುಗಿಯಿತು.”

“ಮಕ್ಕಳಿಗೆಲ್ಲ ಕೈಗೆ ಸೂಜಿ ಚುಚ್ಚಿ ಕ್ಷಯ ತಗಲಿದೆಯೇ ನೋಡಬೇಕು ಅಮ್ಮ. ಅದಕ್ಕೆ ಸರ್ಕಾರದ ತಂಡ ಇದೆ. ನೀವು ಕರೆದರೆ ಸಾಕು, ಬರುತ್ತಾರೆ.”

“ಬಂದರೆ ಮರುದಿನ ಶಾಲೆಯಲ್ಲಿ ಎಷ್ಟು ಮಕ್ಕಳು ಉಳಿಯುತ್ತಾರೆ? ಶಾಲೆ ನಡೆಸುವ ಮ್ಯಾನೇಜರಿಗೆ ನಾನು ಏನು ಹೇಳಲಿ? ಹೊರಗಿನವರಿಗೆ ಹೇಳಕೂಡದು ಅನ್ನುವುದು ನಿಯಮ ಸಿಸ್ಟರ್. ಆಗಲೇ ಒಂದು ನಿಯಮ ಮುರಿದಿದ್ದೀರಿ. ಇನ್ನೊಂದನ್ನು ಮುರಿಯಬೇಡಿ.”

ಆ ಸಂಜೆ ಕಲೂರಿನ ಮನೆಯಲ್ಲಿ ಚಂದ್ರಾವತಿ ಟ್ರಂಕಿನ ಮೇಲೆ ಕೂತಿದ್ದಳು. ಅವಳ ಕತ್ತರಿ, ಟೇಪು, ಮಾದರಿ ಬಟ್ಟೆಗಳನ್ನು ಶಾಲೆಯ ಜವಾನ ಒಂದು ಗಂಟು ಕಟ್ಟಿ ಜಗಲಿಯ ಮೇಲಿಟ್ಟು ಹೋಗಿದ್ದ.

“ನನ್ನನ್ನು ಮಾರಿದೆ,” ಎಂದಳು.

“ವಸಂತಿ ಎಚ್ಚರ ತಪ್ಪಿ ಬಿದ್ದಿದ್ದಾಳೆ ಚಂದ್ರಕ್ಕ. ಕ್ಷಯ ತಲೆಗೇರಿದ್ದು.”

“ನನ್ನಿಂದಲೇ ಅಂತ ಯಾರು ಹೇಳಿದ್ದು? ಹೇಳು, ಯಾರು ಕಂಡಿದ್ದಾರೆ?”

“ಯಾರೂ ಕಂಡಿಲ್ಲ.”

“ಮತ್ತೆ? ನಿನ್ನ ಕೆಲಸಕ್ಕೆ ಪೆಟ್ಟು ಬೀಳ್ತದೆ ಅಂತ ಹೆದರಿ ಹೇಳಿದೆ. ಮಾರ್ಚಿವರೆಗೆ ಅಂದಿದ್ದೆ ನಾನು. ಬರೀ ಮಾರ್ಚಿವರೆಗೆ!” ಕೆಮ್ಮು ಬಂದು ಮಾತು ಮುರಿಯಿತು. ಸೌದಾಮಿನಿ ಲೋಟದಲ್ಲಿ ನೀರು ಹಿಡಿದಳು. ಚಂದ್ರಾವತಿ ಅದನ್ನು ತಳ್ಳಿದಳು.

ಮರುದಿನ ಸೌದಾಮಿನಿ ರಜೆ ಕೇಳದೆ ತಿರುವನಂತಪುರಕ್ಕೆ ಹೋದಳು. ಆರೋಗ್ಯ ಇಲಾಖೆಯ ವರಾಂಡದಲ್ಲಿ ಮಧ್ಯಾಹ್ನದವರೆಗೆ ನಿಂತು ಅಧಿಕಾರಿಯೊಬ್ಬರನ್ನು ಕಂಡಳು. ಪೆಣ್ಣಮ್ಮನ ಕತೆ, ಚಂದ್ರಾವತಿಯ ಕತೆ, ವಸಂತಿಯನ್ನು ತಾನೇ ಎರಡು ಬಾರಿ ತರಗತಿಗೆ ಕಳಿಸಿದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಆ ವಯಸ್ಸಾದ ಅಧಿಕಾರಿ ಕನ್ನಡಕ ತೆಗೆದು ಕೇಳಿದರು:

“ಇದೆಲ್ಲ ಹೇಳಿದರೆ ನಿಮ್ಮ ಗತಿ ಏನು ಗೊತ್ತೇ?”

“ಗೊತ್ತು ಸಾರ್. ನನಗೆ ಎರಡು ಬೇಕು. ಮಕ್ಕಳ ಪರೀಕ್ಷೆ, ಆ ಟೀಚರಿಗೆ ಒಂದು ಹಾಸಿಗೆ.”

ಎರಡೂ ಸಿಕ್ಕಿದವು. ಮೊದಲು ಹಾಸಿಗೆ ಸಿಕ್ಕಿತು. ಚಂದ್ರಾವತಿ ರೈಲು ಹತ್ತುವಾಗ ಸೌದಾಮಿನಿಯ ಕೈ ಹಿಡಿಯಲಿಲ್ಲ, ಟ್ರಂಕನ್ನು ಕೂಲಿಯವನಿಂದಲೇ ಏರಿಸಿಕೊಂಡಳು. ಬಳಿಕ ತಂಡ ಬಂತು. ಅಂಗಳದಲ್ಲಿ ಹುಡುಗಿಯರು ತೋಳು ಮೇಲೆ ಮಾಡಿ ಸಾಲು ನಿಂತರು. ಎಕ್ಸ್‌ರೇ ತೆಗೆಸಿದಾಗ ಒಂದನೆಯ ತರಗತಿಯ ಒಬ್ಬಳಿಗೂ ವಸಂತಿಯ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬಳಿಗೂ ಎದೆಯಲ್ಲಿ ಮಚ್ಚೆ ಸಿಕ್ಕಿತು. ಬೇಗ ಸಿಕ್ಕಿದ್ದರಿಂದ ಇಬ್ಬರೂ ಬದುಕುತ್ತಾರೆ ಎಂದರು.

ವಸಂತಿ ಬದುಕಲಿಲ್ಲ. ಸುಡುಗಾಡಿನಿಂದ ಮರಳಿದ ಕೃಷ್ಣಾನಂದರು ಬೇರೆ ಊರಿಗೆ ವರ್ಗ ಕೇಳಿಕೊಂಡರು. ಸೌದಾಮಿನಿ ಅವರ ಮನೆಯ ಬೀದಿಯವರೆಗೆ ಹೋದಳು; ಗೇಟು ತೆಗೆಯುವ ಧೈರ್ಯ ಬರಲಿಲ್ಲ. ಭಾರ್ಗವಿಯಮ್ಮ ಹೇಳಿದಂತೆಯೇ ಅನೇಕ ಮಕ್ಕಳು ಶಾಲೆ ಬಿಟ್ಟರು. ತಿಂಗಳ ಕೊನೆಗೆ ಸೌದಾಮಿನಿಯನ್ನು ಕೆಲಸದಿಂದ ತೆಗೆದರು. ರೋಗ ಬಚ್ಚಿಟ್ಟದ್ದು ಒಂದು ತಪ್ಪು, ಹೊರಗೆ ಹೇಳಿದ್ದು ಇನ್ನೊಂದು. ಮೆಟ್ಟಿಲ ಕೆಳಗಿನ ಮಂಚಕ್ಕೆ ಬೇರೆ ನರ್ಸ್ ಬರಲಿಲ್ಲ.

ಬೇಸಿಗೆಯಲ್ಲಿ ಅವಳು ತಿರುವನಂತಪುರಕ್ಕೆ ಹೋದಳು. ಹೆಂಗಸರ ವಾರ್ಡಿನ ಕೊನೆಯ ಹಾಸಿಗೆಯಲ್ಲಿ ಚಂದ್ರಾವತಿ ಕೂತಿದ್ದಳು. ತೆಳ್ಳಗಾಗಿದ್ದಳು, ಕಣ್ಣು ದೊಡ್ಡದಾಗಿತ್ತು. ಸೌದಾಮಿನಿ ತಂದ ಕಿತ್ತಳೆ ಹಣ್ಣನ್ನು ಮುಟ್ಟಲಿಲ್ಲ. ಕಿಟಕಿಯ ಕಡೆಗೆ ಮುಖ ಮಾಡಿಯೇ ಕೇಳಿದಳು:

“ವಸಂತಿ ಹೇಗಿದ್ದಾಳೆ?”

ರೋಗಿಗೆ ಕೆಟ್ಟ ಸುದ್ದಿ ಹೇಳಬಾರದೆಂದು ಮಂಗಳೂರಿನಲ್ಲಿ ಕಲಿಸಿದ್ದರು. ಚೆನ್ನಾಗಿದ್ದಾಳೆ ಎಂಬ ಮಾತು ಸೌದಾಮಿನಿಯ ನಾಲಗೆಯ ತುದಿಗೇ ಬಂದಿತ್ತು. ಆದರೆ ಈ ಹೆಂಗಸಿಗಾಗಿ ಒಮ್ಮೆ ಮುಚ್ಚಿಟ್ಟದ್ದರ ಬೆಲೆ ಅವಳಿಗೆ ಗೊತ್ತಿತ್ತು.

“ಹೋಗಿಬಿಟ್ಟಳು ಚಂದ್ರಕ್ಕ. ನೀವು ಇಲ್ಲಿಗೆ ಬಂದ ಸ್ವಲ್ಪ ದಿನಕ್ಕೆ.”

ಚಂದ್ರಾವತಿ ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಲ್ಲಿ ಮಡಿಸುತ್ತ, ಬಿಡಿಸುತ್ತ, ಮತ್ತೆ ಮಡಿಸುತ್ತ ಕೂತಳು. ಪಕ್ಕದ ಹಾಸಿಗೆಯಲ್ಲಿ ಯಾರೋ ಕೆಮ್ಮಿ ಕೆಮ್ಮಿ ಸುಸ್ತಾಗಿ ಮಲಗಿದರು.

“ರೈಲಿನಲ್ಲಿ ನಾನು ಕಾಲು ಹಿಡಿದೆ,” ಎಂದಳು. “ಹಿಡಿದರೂ ನೀನು ಹೇಳಬೇಕಿತ್ತು.”

“ಹೌದು.”

“ನೀನು ನರ್ಸು. ನಾನು ಬದುಕುವ ಆಸೆಯಿಂದ ಕೇಳಿದ್ದು. ನೀನು ಯಾಕೆ ಒಪ್ಪಿದೆ?”

ಪೆಣ್ಣಮ್ಮನ ಹೆಸರು ಹೇಳಿದರೆ ಅದು ನೆಪವಾದೀತು. ಪ್ರೀತಿಯಿಂದ ಎಂದರೆ ಅದು ಇನ್ನೂ ಕೆಟ್ಟ ಮಾತು. ಭೇಟಿಯ ಹೊತ್ತು ಮುಗಿಯಿತೆಂದು ವಾರ್ಡಿನವಳು ಬಂದು ಹೇಳಿದಳು. ಸೌದಾಮಿನಿ ಎದ್ದು, ಹಾಸಿಗೆಯ ಕೆಳಗೆ ಕಫ ಉಗುಳುವ ಬಟ್ಟಲು ತುಂಬಿದ್ದನ್ನು ಕಂಡು ಅದನ್ನು ಎತ್ತಿಕೊಂಡಳು. ಚಂದ್ರಾವತಿ ಬೇಡ ಎನ್ನಲಿಲ್ಲ. ಬಚ್ಚಲಲ್ಲಿ ಫಿನಾಯಿಲು ಸುರಿದು, ತೊಳೆದು, ಅದನ್ನು ತಂದು ಇದ್ದಲ್ಲೇ ಇಟ್ಟು ಅವಳು ಹೊರಗೆ ನಡೆದಳು.