ಇದು ಯಾರ ಕಾಲಿನ ಚಾರ್ಟು?

ಹುಕ್ಕೇರಿಯಿಂದ ಬಂದ ಚಾರ್ಟು ಚೆನ್ನಾಗಿತ್ತು. ಕುಂಥುನಾಥನಿಗೆ ಸಂಶಯ ಹುಟ್ಟಿದ್ದೇ ಅದಕ್ಕೆ.

ಹಗಲೆಲ್ಲ ಗೋಕಾಕದ ಕೋರ್ಟಿನೆದುರು ಝೆರಾಕ್ಸ್ ಅಂಗಡಿ ನಡೆಸಿ, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಬಿ.ಕಾಂ. ಮುಗಿಸಿದವನು ಅವನು. ಗಿರಾಕಿಗೆ ಹಾಳೆ ಕೊಟ್ಟ ಮೇಲೂ ಅಂಚಿನ ಅಕ್ಷರ ತಪ್ಪಿಹೋಗಿಲ್ಲವಷ್ಟೆ ಎಂದು ಕಸಿದುಕೊಂಡು ಮತ್ತೊಮ್ಮೆ ನೋಡುವ ಸ್ವಭಾವ. ಇಂಥವನೇ ಬೇಕೆಂದು ಶೆಟ್ಟೆಪ್ಪ ಅವನನ್ನು ಚಾರ್ಟುಗಳ ಪರೀಕ್ಷಕನನ್ನಾಗಿ ಮಾಡಿ, 'ಮಾಸ್ತರ' ಎಂದೇ ಕರೆಯುತ್ತಿದ್ದ.

ಶೆಟ್ಟೆಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಬೇಕರಿಯ ಮೇಲಿನ ಗೇಮ್ ಪಾರ್ಲರ್. ಪುಣೆಯಲ್ಲಿ ಮುಚ್ಚಿಹೋದ ಯಾವುದೋ ಮಾಲಿನಿಂದ ಲಾರಿಯಲ್ಲಿ ತಂದ ಕುಣಿತದ ಮಷೀನು ಅಲ್ಲಿತ್ತು. ನೆಲದ ಮೇಲೆ ನಾಲ್ಕು ಚೌಕ: ಎಡ, ಬಲ, ಮುಂದೆ, ಹಿಂದೆ. ಎದುರಿನ ಪರದೆಯಲ್ಲಿ ಹಾಡಿನ ಜೊತೆ ಬಾಣಗಳು ಮೇಲೇರುತ್ತವೆ. ಬಾಣ ತುದಿ ಮುಟ್ಟಿದ ಗಳಿಗೆಗೆ ಸರಿಯಾಗಿ ಆ ಚೌಕವನ್ನು ತುಳಿಯಬೇಕು. ಯಾವ ತಾಳಕ್ಕೆ ಯಾವ ಬಾಣ ಎಂಬ ಜೋಡಣೆಯೇ ಚಾರ್ಟು. ಮಷೀನಿನೊಳಗಿನ ಹಾಡುಗಳು ಹಳಸಿದ ಮೇಲೆ, ಆಡುವವರೇ ಮನೆಯ ಕಂಪ್ಯೂಟರಿನಲ್ಲಿ ಕುಳಿತು ತಮಗೆ ಬೇಕಾದ ಹಾಡಿಗೆ ಚಾರ್ಟು ಕಟ್ಟತೊಡಗಿದ್ದರು. ಈಗ ಅದಕ್ಕೊಂದು ಸ್ಪರ್ಧೆ. ಎಲ್ಲರಿಗೂ ಒಂದೇ ಹಾಡು, ಅಂಕಲಗಿಯ ಮದುವೆ ಬ್ಯಾಂಡಿನವರು ಬಾರಿಸಿದ್ದು. ಒಬ್ಬರಿಗೆ ಒಂದೇ ಚಾರ್ಟು. ಗೆದ್ದದ್ದು ಕಟ್ಟಿದವರ ಹೆಸರಿನ ಸಮೇತ ಮಷೀನಿನೊಳಗೆ ಸೇರುತ್ತದೆ. ಬೇರೆಯವರು ಕಟ್ಟಿದ್ದನ್ನು ತನ್ನ ಹೆಸರಿನಲ್ಲಿ ಕಳಿಸಿದರೆ ಅದು ಕಳವು; ಗೊತ್ತಾದರೆ ಆ ಹೆಸರಿನವರ ಚಾರ್ಟನ್ನು ಮುಂದೆಂದೂ ತೆಗೆದುಕೊಳ್ಳುವಂತಿಲ್ಲ. ಈ ಕಟ್ಟಳೆ ಬರೆದವನೂ ಕುಂಥುನಾಥನೇ.

ಉಳಿದವೆಲ್ಲ ತಾಳ ತಪ್ಪಿ ಬಿದ್ದುಹೋಗಿ ಕೊನೆಗೆ ಎರಡು ಉಳಿದಿದ್ದವು. ಒಂದು ಮೂಡಲಗಿಯ ಬಾಳೇಶನದು. ಇನ್ನೊಂದು ಹುಕ್ಕೇರಿಯ ಶಿವಾನಿ ಎಂಬವಳದು. ಅದು ಅವಳ ಮೊದಲ ಚಾರ್ಟು.

ಶನಿವಾರ ಬೆಳಿಗ್ಗೆ ಪಾರ್ಲರ್ ತೆರೆಯುವ ಮುಂಚೆ ಕುಂಥುನಾಥ ಅದನ್ನು ಮಷೀನಿಗೆ ಹಾಕಿ ತಾನೇ ತುಳಿದು ನೋಡಿದ. ಕಾಲಿಗೆ ಎಲ್ಲೂ ತೊಡಕಾಗಲಿಲ್ಲ. ಆದರೆ ಪ್ರತಿ ಸುತ್ತಿನ ಕೊನೆಗೆ ಎರಡೂ ಕಾಲು ಕೂಡಿಸಿ ಒಂದು ಜಿಗಿತ, ಒಂದು ತಾಳ ಸುಮ್ಮನೆ ನಿಲ್ಲುವುದು, ಆಮೇಲೆ ಹಿಂದಿನ ಚೌಕದ ಬಾಣ. ಅಲ್ಲಿ ಅವನ ಮನಸ್ಸು ಮುಗ್ಗರಿಸಿತು. ಹಿಂದಿನ ಚೌಕ ಕಣ್ಣಿಗೆ ಕಾಣುವುದಿಲ್ಲ. ನಿಂತವನನ್ನು ಚಾರ್ಟು ಕಟ್ಟುವವರು ಯಾರೂ ಹಿಂದಕ್ಕೆ ಕರೆಯುವುದಿಲ್ಲ, ಮುಂದಕ್ಕೆ ಕರೆಯುತ್ತಾರೆ. ಹಾಗೆ ಹಿಂದಕ್ಕೆ ಕರೆಯುವವನು ಅವನಿಗೆ ಗೊತ್ತಿದ್ದ ಮಟ್ಟಿಗೆ ಒಬ್ಬನೇ, ಬಾಳೇಶ.

"ಶೆಟ್ಟೆಪ್ಪಣ್ಣಾ, ಈ ಶಿವಾನಿ ಅನ್ನಾಕಿ ಯಾರ್ರಿ?"

"ಹುಕ್ಕೇರಿಯಾಕಿ. ಕಾಲೇಜಿಗೆ ಹೋಗ್ತಾಳ. ಗೆಳತ್ಯಾರ ಜೋಡಿ ಒಂದೆರಡ ಸಲ ಬಂದು ಆಡ್ಯಾಳ. ಯಾಕ ಮಾಸ್ತರ?"

"ಒಂದೆರಡ ಸಲ ಆಡಿದಾಕಿ ಇಂಥಾದ್ದು ಕಟ್ತಾಳೇನ್ರಿ? ಇದು ಬಾಳೇಶನ ಕೈ."

"ಚಾರ್ಟಿಗೆ ಕೈ ಎಲ್ಲೀದು, ಕಾಲು ಅನ್ನು," ಎಂದು ಶೆಟ್ಟೆಪ್ಪ ನಕ್ಕು ಶಟರ್ ಎತ್ತಲು ಹೋದ.

ಕುಂಥುನಾಥನಿಗೆ ನಗು ಬರಲಿಲ್ಲ. ಅಂಗಡಿಗೆ ಬಂದು ಬಾಳೇಶನಿಗೆ ಫೋನ್ ಹಚ್ಚಿದ. ಬಾಳೇಶ ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿದ್ದ. ಹಿಂದೆ ಕಬ್ಬಿಣದ ಸದ್ದು.

"ಖರೆ ಹೇಳು ಬಾಳೇಶ. ಬ್ಯಾರೆ ಹೆಸರಲೆ ಎರಡನೇ ಚಾರ್ಟ್ ಕಳಿಸೀಯೇನು? ಕೂಡು, ನಿಲ್ಲು, ಹಿಂದಿನ ಬಾಣ. ನಿಂದ ಹಂಗ ಐತಿ."

"ಹಿಂದಿನ ಬಾಣ ನಾ ಏನ್ ಗುತ್ತಿಗಿ ಹಿಡದೇನೇನ್ರಿ ಅಣ್ಣಾರ? ಒಂದ ಕಟ್ಟೂದ್ರಾಗ ನನ್ನ ಸೊಂಟ ಬಿದ್ದೈತಿ. ಯಾರದು, ಆ ಹುಕ್ಕೇರಿಯಾಕಿದಾ?"

ಕುಂಥುನಾಥ ಹುಕ್ಕೇರಿಯ ಸುದ್ದಿಯನ್ನೇ ಎತ್ತಿರಲಿಲ್ಲ.

"ಹುಕ್ಕೇರಿ ಅಂತ ನಾ ಅಂದ್ನೇನು?"

ಆ ಕಡೆ ಕಬ್ಬಿಣದ ಸದ್ದು ನಿಂತಿತು. "ಯಾರೋ ಅಂದ್ರು ಬಿಡ್ರಿ," ಎಂದು ಬಾಳೇಶ ಫೋನ್ ಇಟ್ಟ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕುಂಥುನಾಥ ಶೆಟ್ಟೆಪ್ಪನಿಗೆ ಕಳಿಸಲು ಮೊಬೈಲಿನಲ್ಲಿ 'ಹುಕ್ಕೇರಿ ಚಾರ್ಟು ಕದ್ದದ್ದು' ಎಂದು ಬರೆದ. ಅಳಿಸಿದ. ಮತ್ತೆ ಬರೆದ. ತನ್ನ ಅಂದಾಜು ಸುಳ್ಳಾದರೆ ಕಂಡರಿಯದ ಹುಡುಗಿಯ ಹೆಸರಿಗೆ ಮಸಿ. ಆಮೇಲೆ ಅವಳು ಏನೇ ಕಟ್ಟಿದರೂ ಈ ಕಡೆ ಯಾರೂ ಮುಟ್ಟುವುದಿಲ್ಲ. ಸುಮ್ಮನಿದ್ದು ನಾಳೆ ಕಳವು ಬಯಲಾದರೆ ಪರೀಕ್ಷಕನ ಕಣ್ಣೇನು ಕುರುಡಾಗಿತ್ತೇ ಎನ್ನುತ್ತಾರೆ. ಭಾನುವಾರ ಸಂಜೆಗೆ ಫಲಿತಾಂಶ ಹೇಳಬೇಕಿತ್ತು. ಕಣ್ಣಾರೆ ನೋಡದೆ ಬರೆಯಬಾರದು ಎಂದುಕೊಂಡು, ಶಿವಾನಿಗೆ ಫೋನಿನಲ್ಲಿ ತಿಳಿಸಿ, ಭಾನುವಾರ ಬೆಳಿಗ್ಗೆ ಹುಕ್ಕೇರಿಯ ಬಸ್ಸು ಹತ್ತಿದ.

ಬಾಗಿಲು ತೆರೆದವಳು ಶಿವಾನಿಯ ತಾಯಿ ಚನ್ನವ್ವ. ಅಡಿಯಿಂದ ಮುಡಿಯವರೆಗೆ ನೋಡಿ, "ಏನ್ ಕೆಲಸಿತ್ರಿ?" ಎಂದಳು.

ಬಸ್ಸಿನಲ್ಲಿ ಉರುಹೊಡೆದ ಮಾತೆಲ್ಲ ಕುಂಥುನಾಥನಿಗೆ ಮರೆತುಹೋಯಿತು. "ನಿಮ್ಮ ಮಗಳು ಕಾಲು ಹೆಂಗ ಇಡ್ತಾಳ ನೋಡಬೇಕಾಗಿತ್ರಿ."

"ಹೆಣ್ಣ ನೋಡಾಕ ಬಂದವರೂ ನಡಿಸಿ ನೋಡ್ತಾರ್ರಿ. ಆದ್ರ ಅವರು ಜೋಡಿ ನಾಕ ಮಂದಿ ಹಿರ್‍ಯಾರನ್ನ ಕರಕೊಂಡ ಬರ್ತಾರ."

"ಇಲ್ರಿ, ನಂದು ಮದಿವಿ ಆಗೇತ್ರಿ!"

"ಅದೂ ಆಗೇತಾ?"

ಒಳಗಿಂದ ಶಿವಾನಿ ಓಡಿ ಬಂದು, "ಯವ್ವಾ, ಇವರ ಗೋಕಾಕದ ಪರೀಕ್ಷಕರು, ನಿನ್ನಿ ಹೇಳಿದ್ನೆಲ್ಲ," ಎಂದು ಅವನನ್ನು ಕೂಡಿಸಿದಳು. ಚನ್ನವ್ವ ಅಡುಗೆಮನೆಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ನಡುವಿನ ಭಾಗ ನನ್ನ ಮುಂದ ಹೊಸದಾಗಿ ಕಟ್ಟಿ ತೋರಸವಾ," ಎಂದ ಕುಂಥುನಾಥ. "ಹಳೇದು ನೋಡಬಾರ್ದು."

ಶಿವಾನಿಯ ಮುಖ ಬಿಗಿಯಿತು. "ಅಂದ್ರ ನೀವು ಕಳ್ಳಿ ಹಿಡಿಯಾಕ ಬಂದೀರಿ."

"ಹಂಗಲ್ಲ..."

"ಹಂಗ ಐತಿ. ಕುಂದರ್ರಿ, ತೋರಸ್ತೇನಿ."

ಅವಳು ನೇರ ಲ್ಯಾಪ್‌ಟಾಪಿಗೆ ಕೂರಲಿಲ್ಲ. ಮೊಬೈಲಿನಲ್ಲಿ ಬ್ಯಾಂಡಿನ ಹಾಡು ಹಚ್ಚಿ, ದುಪ್ಪಟ್ಟಾ ಸೊಂಟಕ್ಕೆ ಬಿಗಿದು, ಬರಿಗಾಲಲ್ಲಿ ನೆಲದ ಮೇಲೆ ಹೆಜ್ಜೆ ಹಾಕಿದಳು. ಸುತ್ತು ಮುಗಿಯುತ್ತಲೇ ಎರಡೂ ಕಾಲು ಕೂಡಿದವು, ನಿಂತವು, ಬಲಗಾಲು ಹಿಂದಕ್ಕೆ ಹೋಯಿತು. ಆಮೇಲೆ ಕುಳಿತು, ಕಾಲು ಹೋದ ಹಾಗೆಯೇ ಬಾಣ ಜೋಡಿಸಿದಳು. ಅದೇ ಚಾರ್ಟು. ಕುಂಥುನಾಥನ ಅನುಮಾನ ಇನ್ನೂ ಬಿಡಲಿಲ್ಲ. ಬಾಯಿಪಾಠ ಮಾಡಿಸಿರಬಹುದಲ್ಲ?

"ನಿಂತ ಮ್ಯಾಲ ಹಿಂದ ಯಾಕ ಹೋಗ್ತಿ?"

ಶಿವಾನಿ ಅವನನ್ನು ಪಿಳಿಪಿಳಿ ನೋಡಿದಳು. "ಮತ್ತ ಎಲ್ಲಿ ಹೋಗೂದ್ರಿ? ಸಾಲ್ಯಾಗ ಗಿಲಕಿ ಹಿಡದ ಕುಣಿಯೂ ಲೇಜಿಮ್‌ನಾಗ ಹಂಗ ಅಲ್ಲೇನ್ರಿ? ಕೂಡು, ನಿಲ್ಲು, ಹಿಂದ."

"ಲೇಜಿಮ್‌ನಾಗ ಎಲ್ಲಾರೂ ಮುಂದ ಹೋಗ್ತಾರಲ್ಲ?"

"ನಮಗ ಸಿದ್ರಾಯ ಸರ್ ಕಲಿಸಿದ್ದು ಹಿಂದನ."

ಬಾಗಿಲಿಂದ ಚನ್ನವ್ವ ಬಾಯಿ ಹಾಕಿದಳು. "ಇಷ್ಟ ದೊಡ್ಡ ಬಯಲ ಬಿಟ್ಟು ಹುಡುಗ್ರನ್ನ ಹಿಂದ್ಯಾಕ ಸರಸ್ತಾನ ಈ ಮಾಸ್ತರ ಅಂತ ನಾವೂ ನಗತಿದ್ವಿ. ಮದಲಿದ್ದ ಸಾಲ್ಯಾಗ ಅಂಗಳ ಸಣ್ಣದಂತ. ಮುಂದ ನೀರಿನ ಟಾಕಿ. ಮುಂದ ಹೆಜ್ಜಿ ಇಟ್ರ ಮಾರಿಗೆ ಬಡೀತಿತ್ತಂತ. ಬದ್ಲಿ ಆಗಿ ಇಲ್ಲಿಗೆ ಬಂದ್ರೂ ರೂಢಿ ಬಿಡಲಿಲ್ಲ."

"ಮದಲಿದ್ದ ಸಾಲಿ ಯಾವೂರಾಗ್ರಿ?"

"ಮೂಡಲಗ್ಯಾಗ."

ಕುಂಥುನಾಥ ಅಲ್ಲೇ ಬಾಳೇಶನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟ.

"ನಿಮಗ ಲೇಜಿಮ್ ಕಲಿಸಿದವರು ಯಾರು?"

"ಸಿದ್ರಾಯ ಸರ್! ಸಾಲಿ ಅಂಗಳದಾಗಿನ ಟಾಕಿಗೆ ಬಡದ ನನ್ನ ಹಲ್ಲ ಮುರದೈತಿ ಅಣ್ಣಾರ. ಯಾಕ್ರಿ?"

"ಮತ್ತ ಹುಕ್ಕೇರಿ ಅಂತ ನಿನಗ ಹೇಳಿದವರು?"

"ಕಡೀಗೆ ಉಳದವರು ಯಾರಂತ ಶೆಟ್ಟೆಪ್ಪಣ್ಣ ಊರಿಗೆಲ್ಲಾ ಹೇಳ್ಯಾನ್ರಿ. ನಾ ಹೇಳಿದ್ದು ಪರೀಕ್ಷಕಗ ಮಾತ್ರ ಹೇಳಬ್ಯಾಡ, ಬೈತಾನ ಅಂದಿದ್ದ."

ಶಿವಾನಿ ಬಾಯಿಗೆ ದುಪ್ಪಟ್ಟಾ ಒತ್ತಿ ನಕ್ಕಳು. ಚನ್ನವ್ವ ನಗಲಿಲ್ಲ. ಆದರೆ ಒಳಗೆ ಹೋಗಿ, "ಹೆಸರ ನೋಡಿದ್ರ ಜೈನರಂತ, ಉಳ್ಳಾಗಡ್ಡಿ ಹಾಕಿಲ್ಲ, ತಿನ್ರಿ," ಎಂದು ಅವಲಕ್ಕಿಯ ತಾಟು ತಂದಿಟ್ಟಳು.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಜೊತೆಗೆ ಒಂದು ನಾಚಿಕೆ. ನಿನ್ನೆಯಿಂದ ಅವನು ಆ ಚಾರ್ಟಿನಲ್ಲಿ ಕಳ್ಳನ ಹೆಜ್ಜೆಯನ್ನು ಹುಡುಕಿದ್ದನೇ ಹೊರತು, ಅದು ಹಾಡಿಗೆ ಒಪ್ಪುತ್ತದೆಯೇ ಎಂದು ನೋಡಿರಲೇ ಇಲ್ಲ. ತಾಟು ಬದಿಗಿಟ್ಟು ಮೊದಲಿನಿಂದ ನೋಡಿದ. ನಡುವಿನ ಭಾಗಕ್ಕೆ ಬಂದಾಗ ಕೈ ಎತ್ತಿದ.

"ಇಲ್ಲಿ ಕ್ಲಾರಿನೆಟ್ ನಿಂತಿಲ್ಲ. ಒಂದ ಉಸರಲೆ ಮ್ಯಾಲ ಹೊಂಟೈತಿ. ನಿನ್ನ ಕಾಲು ಮಾತ್ರ ನಿಂತಾವ. ಅವು ಲೇಜಿಮ್‌ನಾಗ ನಿಮ್ಮ ಸರ್ ಸೀಟಿ ಊದಿದ ರೂಢಿಗೆ ನಿಂತಾವ, ಹಾಡು ಹೇಳಿದ್ದಕ್ಕಲ್ಲ."

"ಕಳವು ಸಿಗಲಿಲ್ಲ ಅಂತ ಈಗ ತಪ್ಪು ಹುಡುಕಾಕತ್ತೀರಿ."

"ಹಂಗನ ಅನ್ನು. ಒಮ್ಮಿ ಕ್ಲಾರಿನೆಟ್ಟಿಗೆ ಕಿವಿ ಕೊಟ್ಟ ಕುಣಿದ ನೋಡು."

ಅವಳು ಸಿಟ್ಟಿನಿಂದಲೇ ಎದ್ದಳು. ಆ ಜಾಗ ಬಂತು. ಕಾಲು ನಿಂತವು, ಮೈ ಕ್ಲಾರಿನೆಟ್ಟಿನ ಬೆನ್ನು ಹತ್ತಿ ಮುಂದಕ್ಕೆ ವಾಲಿತು, ಗೋಡೆ ಹಿಡಿದು ಸಾವರಿಸಿಕೊಂಡಳು. ಬಂದು ಕುಳಿತು, ಆ ನಿಲುಗಡೆಯನ್ನು ಅಳಿಸಿ ಬಾಣಗಳನ್ನು ಮುಂದಕ್ಕೆ ಹರಿಯಬಿಟ್ಟಳು.

"ಇದನ್ನ ಕಳಸ್ಲೇನ್ರಿ?"

"ಕಳಸು," ಎಂದ ಕುಂಥುನಾಥ. ಫಲಿತಾಂಶದ ತನಕ ತಿದ್ದಿ ಕಳಿಸಲು ಕಟ್ಟಳೆಯಲ್ಲಿ ಅವಕಾಶವಿತ್ತು.

ಬಸ್ಸಿನಲ್ಲಿ ಘಟಪ್ರಭಾ ಬರುವವರೆಗೆ ಮನಸ್ಸು ಹಗುರಾಗಿತ್ತು. ಆಮೇಲೆ ಏನೋ ಚುಚ್ಚತೊಡಗಿತು. ಬಾಳೇಶನ ಚಾರ್ಟು ಹೇಗಿತ್ತು? ಮೊಬೈಲು ತೆಗೆದು ನೋಡಿದ. ಅದೇ ಜಾಗದಲ್ಲಿ ಬಾಳೇಶನ ಕಾಲೂ ನಿಂತಿತ್ತು. ಅದೇ ಸರ್, ಅದೇ ಸೀಟಿ, ಅದೇ ತಪ್ಪು. ಒಬ್ಬರಿಗೆ ಎದುರು ಕುಳಿತು ತೋರಿಸಿ ತಿದ್ದಿಸಿ ಬಂದಿದ್ದ. ಇನ್ನೊಬ್ಬನನ್ನು ಕಳ್ಳ ಎಂದು ಕರೆದದ್ದಷ್ಟೇ. ಈಗ ಶಿವಾನಿಯ ಚಾರ್ಟೇ ಗೆಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಗೆಲ್ಲಿಸಿದವರು ಯಾರು? ಯಾರೂ ಕೇಳುವುದಿಲ್ಲ, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದೇ ಅವನಿಗೆ ಹೆಚ್ಚು ಹೊಲಸೆನಿಸಿತು.

"ಶೆಟ್ಟೆಪ್ಪಣ್ಣಾ, ಫಲಿತಾಂಶ ನಾಳೆ ಸಂಜಿಗೆ ಇಡ್ರಿ," ಎಂದು ಬಸ್ಸಿನಿಂದಲೇ ಫೋನ್ ಮಾಡಿದ.

"ಮತ್ಯಾರ ಮ್ಯಾಲ ಸಂಶೇ ಬಂತೋ ಮಾಸ್ತರ?"

"ನನ್ನ ಮ್ಯಾಲ್ರಿ."

ಗೋಕಾಕದಲ್ಲಿ ಇಳಿದವನು ಮನೆಯ ಕಡೆ ಹೋಗಲಿಲ್ಲ. ಮೂಡಲಗಿಯ ಬಸ್ಸು ಹತ್ತಿ ಬಾಳೇಶನಿಗೆ ಫೋನ್ ಮಾಡಿದ.

"ನಿನ್ನ ಚಾರ್ಟಿನಾಗ ಒಂದ ತಪ್ಪೈತಿ. ತೋರಸಾಕ ಬರಾಕತ್ತೇನಿ."

"ನಿನ್ನಿ ಕಳವು ಅಂದ್ರಿ, ಇವತ್ತ ತಪ್ಪು ಅಂತೀರಿ! ಹುಕ್ಕೇರ್‍ಯಾಗ ಏನ್ ತಿನಿಸಿ ಕಳಿಸ್ಯಾರ್ರಿ ನಿಮಗ?"

"ಅವಲಕ್ಕಿ. ಅಕಿಗೂ ಇದ ತಪ್ಪು ತೋರಿಸೇನಿ, ಅಕಿ ತಿದ್ದಿ ಕಳಿಸ್ಯಾಳ. ನಿನಗ ತೋರಿಸಲಿಲ್ಲಂದ್ರ ನಾ ಪರೀಕ್ಷಕ ಹೆಂಗ ಆಗ್ತೇನಿ?"

"ಬರ್ರಿ. ನಾ ಕುಣಿದ ಮ್ಯಾಲ ಅದು ತಪ್ಪಲ್ಲ ಅಂತ ಆದ್ರ?"

"ಅಲ್ಲ ಅಂತ ಬರೀತೇನಿ. ಅಕಿಗೂ ಹೇಳ್ತೇನಿ."

ಬಸ್ಸು ಹೊರಟಿತು. ಕುಂಥುನಾಥ ಕಿಟಕಿಗೆ ಒರಗಿ, ಕಿವಿಗೆ ವಾಯರು ಸಿಕ್ಕಿಸಿಕೊಂಡು, ಬ್ಯಾಂಡಿನ ಹಾಡಿನ ನಡುವಿನ ಭಾಗವನ್ನು ಹಚ್ಚಿದ. ಕ್ಲಾರಿನೆಟ್ಟು ಮೇಲೇರಿತು. ಅಲ್ಲಿ ಅದು ಒಂದು ಚಣ ಉಸಿರು ತೆಗೆದುಕೊಂಡಿತೇ? ಹಿಂದಕ್ಕೆ ಸರಿಸಿ ಮತ್ತೆ ಕೇಳಿದ. ಇಂಜಿನ್ನಿನ ಗದ್ದಲದಲ್ಲಿ ಖಾತ್ರಿಯಾಗಲಿಲ್ಲ. ಕಣ್ಣು ಮುಚ್ಚಿ, ಚಪ್ಪಲಿಯೊಳಗಿನ ಕಾಲನ್ನು ಸಡಿಲ ಬಿಟ್ಟು, ಅದು ನಿಲ್ಲುತ್ತದೋ ಹೋಗುತ್ತದೋ ನೋಡೋಣವೆಂದು ಇನ್ನೊಮ್ಮೆ ಹಚ್ಚಿದ.