ಬಂಡೆ ಸಿಕ್ಕ ಜಾಗ

"ಏಯ್ ಮುದಿಗೂಬೆ, ನಿನ್ ಕತೆ ಕೇಳೋಕೆ ದೋಣಿ ಹತ್ತಿಲ್ಲ ನಾನು. ಗಳ ಹಾಕು, ಕೆಳಗೇನಿದೆ ಅಷ್ಟು ಬೊಗಳು."

ಸೇತುವೆಗೆ ಗಟ್ಟಿ ತಳ ಹುಡುಕುತ್ತಿದ್ದ ಇಂಜಿನಿಯರನ ಬೈಗುಳ ಅಂಬಿಗನ ಕಿವಿಗೆ ಹೊಸದಲ್ಲ. ಬಿದಿರ ಗಳವನ್ನು ನೀರಿಗೆ ಇಳಿಬಿಟ್ಟ. ತಳ ಮುಟ್ಟಿದ್ದು ಅಂಗೈಗೆ ತಿಳಿಯಿತು.

"ಕೆಸರು."

ಹತ್ತು ಮಾರು ಮುಂದೆ, "ಮರಳು, ಬುದ್ಧಿ."

ಹೊಳೆ ಸೊಂಟ ಬಿಗಿದಂತೆ ಕಿರಿದಾಗುವ ಕಡೆ ಗಳ ಠಕ್ಕೆಂದಿತು. ಅಂಬಿಗನ ಮುಖ ಅರಳಿತು.

"ಬಂಡೆ! ದಡದಿಂದ ದಡಕ್ಕೂ ಒಂದೇ ಬಂಡೆ. ಮೇಲಕ್ಕೆ ಹೋದ್ರೆ ಸುಳಿ, ಕೆಳಕ್ಕೆ ಹೋದ್ರೆ ಗಾಡಿ ನುಂಗೋ ಕೆಸರು. ಅದಕ್ಕೇ ಎಲ್ಲಾ ಗಾಡಿಯೋರೂ ದಾಟೋಕೆ ಇಲ್ಲಿಗೇ ಬಂದ್ರು. ನೀರು ಏರಿದಾಗ ದೋಣಿಗೆ ಕಾಯೋರಿಗೆ ಅಂಗಡಿ ಎದ್ವು, ಅಂಗಡಿ ಹಿಂದೆ ಬೀದಿ, ಬೀದಿ ಹಿಂದೆ ಕಚೇರಿ. ನಮ್ಮಜ್ಜನ ಕಾಲಕ್ಕೆ ಇಲ್ಲಿದ್ದಿದ್ದು ನಮ್ಮ ಗುಡಿಸಲೊಂದೇ, ಬುದ್ಧಿ."

"ಪಟ್ಟಣ ಕಟ್ಟಿದ ಮಹಾರಾಜ ನೀನೇ ಅನ್ನು!" ಇಂಜಿನಿಯರ ಹೊಟ್ಟೆ ಕುಣಿಸಿ ನಕ್ಕ. ದಡಕ್ಕಿಳಿದವನೇ ಅಂಬಿಗರ ಗುಡಿಸಲುಗಳ ನಡುವೆ ಕೆಂಪು ಬಾವುಟ ನೆಟ್ಟ. "ಸೇತುವೆ ಕಾಲು ಇಲ್ಲೇ. ಹದಿನೈದು ದಿನದಲ್ಲಿ ಜಾಗ ಖಾಲಿ ಮಾಡಿ."

"ನಾವೆಲ್ಲಿಗೆ ಹೋಗೋದು ಬುದ್ಧಿ?"

"ಕೆಸರಿರೋ ಕಡೆ ಹೋಗಿ ಸಾಯ್ರೋ. ಅಲ್ಲಿ ಯಾವನೂ ಕೇಳಲ್ಲ."

ಒಲೆ ಮುಂದೆ ಕೂತಿದ್ದ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು.

"ಕೆಸರು ಅಂದಿದ್ರೆ ನಿನ್ ನಾಲಿಗೆ ಬಿದ್ದೋಗ್ತಿತ್ತಾ?"

"ನೀರಿನ ಮೇಲೆ ಸುಳ್ಳು ಹೇಳಬಾರದು ಕಣೇ. ತಳ ತಪ್ಪು ಹೇಳಿದ್ರೆ ಹಿಂದೆ ಬರೋ ದೋಣಿ ಒಡೆಯುತ್ತೆ."

"ನನ್ನ ಮನೆ ಒಡೀತಲ್ಲೋ ಹಾಳಾದೋನೆ! ಹಿತ್ತಿಲಲ್ಲಿ ಮಲಗಿರೋ ಮಗೂನ ಯಾವ ಜೋಳಿಗೇಲಿ ಎತ್ಕೊಂಡು ಹೋಗ್ಲೋ?"

ಮೂರು ತಿಂಗಳೂ ತುಂಬದೆ ಹೋದ ಕೂಸು. ಹೂತಿದ್ದು ಅವನ ಕೈಯೇ. ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು.

ಹದಿನಾರನೇ ದಿನ ಯಂತ್ರ ಬಂತು. ಗುಡಿಸಲುಗಳು ಬಿದ್ದವು. ಹಿತ್ತಿಲ ಮಣ್ಣನ್ನು ಅದು ಒಂದೇ ಬಾಚಿಗೆ ಎತ್ತಿ ಲಾರಿಗೆ ಸುರಿಯಿತು. ಗಂಡಸರು ಗಂಟುಮೂಟೆ ಹಿಡಿದು ನೋಡುತ್ತ ನಿಂತರು. ಅವಳು ನಿಲ್ಲಲಿಲ್ಲ. ಮಸಿ ಹಿಡಿದ ಮೂರು ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಪೇಟೆ ಬೀದಿಗೆ ನಡೆದಳು. ಬೀದಿಯ ನಟ್ಟನಡುವೆ ಕಲ್ಲು ಹೂಡಿ, ಒಲೆ ಹೊತ್ತಿಸಿ, ಮಡಕೆ ಇಟ್ಟಳು. ಹಿಂದೆ ಮುಂದೆ ಲಾರಿಗಳು ಸಾಲುಗಟ್ಟಿ ಅರಚಿಕೊಂಡವು.

"ಏಳೇ ಮುಂಡೆ, ರಸ್ತೆ ಏನು ನಿಮ್ಮಪ್ಪಂದಾ?" ಪೊಲೀಸಿನವನು ಲಾಠಿ ಎತ್ತಿದ.

"ಎಸರು ಕುದೀಲಿ. ಅಲ್ಲೀತನಕ ಕಾಯಿ."

ಅಂಬಿಗ ಬಂದು ಒಲೆಯ ಆಚೆ ಕುಕ್ಕರಗಾಲಲ್ಲಿ ಕೂತ. ಅವಳು ತಲೆ ಎತ್ತಲಿಲ್ಲ. ಉರಿಗೆ ಇನ್ನೊಂದು ಸೌದೆ ನೂಕಿದಳು.