ಮೊಗ್ಗಿನ ಜಡೆಯ ಯಜಮಾನಿ

ಮೂಡಲಪಾಳ್ಯದ ಕುಸುಮಾಳ ಕೈಯಲ್ಲಿ ಒಮ್ಮೆ ಮೊಗ್ಗಿನ ಜಡೆ ಹೊಲಿಸಿದವರು ಮುಂದಿನ ಮದುವೆಗೆ ಬೇರೆಯವರ ಬಾಗಿಲು ತಟ್ಟುತ್ತಿರಲಿಲ್ಲ. ಬೆನ್ನುದ್ದಕ್ಕೂ ಮಲ್ಲಿಗೆ ಮೊಗ್ಗನ್ನು ಒತ್ತೊತ್ತಾಗಿ ಕೂರಿಸಿ, ನಡುವೆ ಕನಕಾಂಬರದ ಸಾಲು ಎಳೆದಳೆಂದರೆ ಮದುಮಗಳು ಮುಖಕ್ಕಿಂತ ಹೆಚ್ಚಾಗಿ ಬೆನ್ನಿನ ಫೋಟೋ ತೆಗೆಸಿಕೊಳ್ಳುತ್ತಿದ್ದಳು.

ತೊಡಕಿದ್ದದ್ದು ಫೋನಿನಲ್ಲಿ. ಕುಸುಮಾಳಿಗೆ ಚಿಕ್ಕಂದಿನಿಂದ ಉಗ್ಗು. ಮನೆಯವರ ಜೊತೆ ಹೇಗೋ ನಡೆಯುತ್ತಿತ್ತು; ಗುರುತಿಲ್ಲದವರ ಫೋನ್ ಬಂದರೆ ‘ಹಲೋ’ ಅನ್ನುವುದೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸಿಗ್ನಲ್ ಇಲ್ಲವೆಂದುಕೊಂಡು ಆ ಕಡೆಯವರು ಇಟ್ಟುಬಿಡುತ್ತಿದ್ದರು. ಇಷ್ಟು ವರ್ಷ ತಮ್ಮ ಮಹದೇವ ಫೋನ್ ನೋಡಿಕೊಳ್ಳುತ್ತಿದ್ದ. ಅವನಿಗೆ ತುಮಕೂರಿನಲ್ಲಿ ಕೆಲಸ ಸಿಕ್ಕಿದ ಮೇಲೆ ಬಂದ ಆರ್ಡರುಗಳು ಬಂದ ಹಾಗೇ ಹೋಗತೊಡಗಿದವು.

“ಯಾರನ್ನಾದ್ರೂ ಇಟ್ಕೊಳ್ಳೇ,” ಎಂದರು ಅತ್ತೆ ಲಿಂಗಮ್ಮ. ಹೂವು, ದಾರ, ಆಟೋ ಬಾಡಿಗೆ ಕಳೆದು ಉಳಿಯುವುದರಲ್ಲಿ ಪೂರ್ತಿ ಸಂಬಳದ ಆಳನ್ನು ಇಟ್ಟುಕೊಳ್ಳುವುದು ಆಗದ ಮಾತು. ಕುಸುಮಾ ಯೋಚಿಸಿದಳು. ಅವಳಿಗೆ ಬೇಕಾಗಿದ್ದದ್ದು ಇಡೀ ದಿನದ ಆಳಲ್ಲ, ಬೆಳಗಿನ ಹೊತ್ತು ಎರಡು ತಾಸಿನ ಮಟ್ಟಿಗೆ ಒಂದು ಗಟ್ಟಿ ಗಂಟಲು.

ಆಗ ನೆನಪಾದವರು ಬಸವೇಶ್ವರನಗರದ ಪಂಕಜಾ ಆಂಟಿ. ಹಿಂದಿನ ವರ್ಷ ತಮ್ಮ ತಂಗಿಯ ಮಗಳ ಮದುವೆಗೆ ಜಡೆ ಹೊಲಿಸಿಕೊಂಡಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಕುಸುಮಾ ವಾಟ್ಸಾಪಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಕಳಿಸಿದಳು: ತನಗೆ ಇಂಥ ಸಹಾಯ ಬೇಕು, ಕೊಡಲಾಗುವುದು ಇಷ್ಟೇ.

ಉತ್ತರ ಬರಲಿಲ್ಲ. ಮರುದಿನ ಪಂಕಜಾ ಆಂಟಿಯೇ ಬಂದರು.

“ಅಷ್ಟೇ ಕೊಡಮ್ಮ, ಸಾಕು. ಆದ್ರೆ ಪುಕ್ಕಟೆ ಅಂತ ತಿಳ್ಕೋಬೇಡ. ಸಂಬಳದ ಕೆಲಸ ಇದು, ಸಂಬಳದ ಹಾಗೇ ಮಾಡ್ತೀನಿ,” ಎಂದು ಚಾಪೆಯ ಮೇಲೆ ಕೂತರು. “ಮೊದಲು ನೀನು ಹೊಲಿಯೋದು ನೋಡ್ಬೇಕು. ಕಣ್ಣಲ್ಲಿ ನೋಡ್ದೆ ಇರೋದನ್ನ ಬಾಯಲ್ಲಿ ಹೇಗೆ ಹೇಳ್ಲಿ?”

ಇಡೀ ಮಧ್ಯಾಹ್ನ ಅವರು ನೋಡಿದರು. ಸೂಜಿ ಮೊಗ್ಗಿನ ತೊಟ್ಟಿನಲ್ಲೇ ಹಾಯುವುದನ್ನು, ಬಿರಿಯಲು ಹೊರಟ ಮೊಗ್ಗನ್ನು ಕುಸುಮಾ ಮುಟ್ಟಿಯೇ ಗುರುತಿಸಿ ಬದಿಗಿಡುವುದನ್ನು. ಮರುದಿನದಿಂದ ಕುಸುಮಾಳ ನಂಬರಿಗೆ ಬಂದ ಕರೆಗಳು ಪಂಕಜಾ ಆಂಟಿಯ ಫೋನಿಗೆ ಹೋದವು. ಕೆಲವು ದಿನ ಅವರು ಮೂಡಲಪಾಳ್ಯಕ್ಕೇ ಬಂದು ಕೂರುತ್ತಿದ್ದರು.

ಅವರು ಫೋನಿನಲ್ಲಿ ಹೇಳಿದ ಬೆಲೆ ಕೇಳಿ ಮೊದಲ ದಿನ ಕುಸುಮಾಳ ಕೈಯಲ್ಲಿದ್ದ ಸೂಜಿ ನಿಂತಿತು. ಮಹದೇವ ಹೇಳುತ್ತಿದ್ದದ್ದಕ್ಕಿಂತ ಬಹಳ ಜಾಸ್ತಿ.

“ಜಾ... ಜಾಸ್ತಿ ಆಯ್ತು ಆಂಟಿ.”

“ಇಲ್ಲ ಕಣಮ್ಮ. ನಾನು ಕೂತು ನೋಡಿದೀನಲ್ಲ!”

ಆ ಬೆಲೆಗೇ ಆರ್ಡರ್ ಬಂತು. ಮತ್ತೊಂದು ಬಂತು. ಆಷಾಢ ಕಳೆದು ಶ್ರಾವಣ ಹುಟ್ಟುವ ಹೊತ್ತಿಗೆ, ಮದುವೆ ಮನೆಗಳ ಅಲಂಕಾರ ವಹಿಸಿಕೊಳ್ಳುವ ಜಗದಾಂಬಾ ಎಂಬವರು ಫೋನ್ ಮಾಡಿದರು. ಕೆಂಗೇರಿ ಕಡೆಯ ಕಲ್ಯಾಣಮಂಟಪಗಳಲ್ಲೆಲ್ಲ ಅವರದೇ ಕೆಲಸ. ಸೀಸನ್ನಿನ ಅಷ್ಟೂ ಜಡೆ ಒಬ್ಬರಿಗೇ ಕೊಡುವ ಯೋಚನೆ, ಆದರೆ ಯಜಮಾನರನ್ನು ಮುಖತಃ ನೋಡಬೇಕು ಎಂದರು.

ಬಂದವರು ನೇರವಾಗಿ ಪಂಕಜಾ ಆಂಟಿಗೆ ಕೈಮುಗಿದರು. “ಫೋನಲ್ಲಿ ಮಾತಾಡಿದ್ದು ನೀವೇ ಅಲ್ವಾ ಮೇಡಂ? ಧ್ವನೀಲೇ ಗೊತ್ತಾಯ್ತು.”

ಪಂಕಜಾ ಆಂಟಿ ಎದ್ದು ನಿಂತರು. “ಮಾತಾಡಿದ್ದು ನಾನೇ. ನಾನು ಇಲ್ಲಿ ಕೆಲಸಕ್ಕಿರೋಳು. ಯಜಮಾನಿ ಇವರು, ಕುಸುಮಾ ಅಂತ.” ತಾವು ಕೂತಿದ್ದ ಕುರ್ಚಿಯನ್ನು ಕುಸುಮಾಳ ಕಡೆ ಸರಿಸಿ, ತಾವು ಹೂವಿನ ಬುಟ್ಟಿಯ ಪಕ್ಕ ಚಾಪೆಯ ಮೇಲೆ ಕೂತರು.

ಜಗದಾಂಬಾ ಕುಸುಮಾಳನ್ನು ನೋಡಿದರು. “ಮುಹೂರ್ತ ಹನ್ನೊಂದೂವರೆಗೆ ಅಂದ್ರೆ, ಆರತಕ್ಷತೆ ಮುಗಿಯೋವರೆಗೂ ನಿಲ್ಲುತ್ತಾ ನಿಮ್ಮ ಜಡೆ?”

ಕುಸುಮಾ ಸಹಾಯಕ್ಕೆಂದು ಆಂಟಿಯ ಕಡೆ ತಿರುಗಿದಳು. ಅವರು ತಲೆಯೆತ್ತದೆ ಕನಕಾಂಬರ ಬಿಡಿಸುತ್ತಿದ್ದರು.

“ಬಿ... ಬಿ... ಬಿರಿಯೋ ಮುಂಚೆ...” ಮಾತು ನಿಂತಿತು. ಜಗದಾಂಬಾ ಥಟ್ಟನೆ ಪಂಕಜಾ ಆಂಟಿಯ ಕಡೆ ನೋಡಿದರು, ಮಿಕ್ಕದ್ದನ್ನು ನೀವೇ ಹೇಳಿ ಎಂಬಂತೆ.

“ಅವರು ಹೇಳ್ತಾರೆ, ಕೇಳಿ,” ಎಂದರು ಪಂಕಜಾ ಆಂಟಿ.

ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗಿ ಹೋದ. ಯಾರೂ ಅವಸರ ಮಾಡಲಿಲ್ಲ. ಕುಸುಮಾ ಉಸಿರು ಎಳೆದುಕೊಂಡು, ತಡವರಿಸುತ್ತಲೇ, ಒಂದು ಮಾತನ್ನೂ ನುಂಗದೆ ಪೂರ್ತಿ ಹೇಳಿದಳು. ಬಿರಿಯುವ ಮುಂಚೆ ಹೊಲಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡುತ್ತೇನೆ. ಮುಹೂರ್ತಕ್ಕೆ ಮೊಗ್ಗಾಗಿರುತ್ತದೆ. ಸಂಜೆಯ ಆರತಕ್ಷತೆಗೆ ಅರಳಿಬಿಡುತ್ತದೆ, ಅದಕ್ಕೆ ಬೇರೆ ಜಡೆ ಬೇಕು. ಒಂದೇ ಸಾಕು ಅಂತ ಸುಳ್ಳು ಹೇಳಲಾರೆ.

“ಎಲ್ರೂ ನಿಲ್ಲುತ್ತೆ ನಿಲ್ಲುತ್ತೆ ಅಂತಾರಮ್ಮ. ಆಮೇಲೆ ಹುಡುಗಿ ಕಡೆಯವರ ಹತ್ರ ಬೈಸ್ಕೊಳ್ಳೋಳು ನಾನು,” ಎಂದು ಜಗದಾಂಬಾ ನಕ್ಕರು. ಹೋಗುವಾಗ ಕಾರ್ತೀಕದ ಮದುವೆಗಳ ತಾರೀಖುಗಳನ್ನೆಲ್ಲ ಹೇಳಿ, ಎರಡೆರಡು ಜಡೆಯ ಲೆಕ್ಕದಲ್ಲೇ ಮಾತು ಮುಗಿಸಿದರು. ಈ ಸಲ ಕೈಮುಗಿದದ್ದು ಕುಸುಮಾಳಿಗೆ.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಲಿಂಗಮ್ಮ ಕಾಫಿ ತರುವ ಮೊದಲೇ ಕಾಂಪೌಂಡಿನ ಆಚೆಯ ನೀಲಮ್ಮನನ್ನು ಕರೆದಾಗಿತ್ತು. “ನಮ್ಮ ಸೊಸೆ ಹೇಗೆ ಮಾತಾಡಿದ್ಲು ಗೊತ್ತೇನೇ! ಕಾರಲ್ಲಿ ಬಂದೋರು ಕೂತು ಕೇಳಿದ್ರು!”

“ಆಂಟಿ,” ಎಂದಳು ಕುಸುಮಾ, “ಫೋ... ಫೋನು ನಿಮ್ಮದೇ ಇರ್ಲಿ. ಮನೆಗೆ ಬಂದೋರ ಹತ್ರ ನಾನು ಮಾತಾಡ್ತೀನಿ.”

“ಆಯ್ತು ಯಜಮಾನರೇ,” ಎಂದು ಪಂಕಜಾ ಆಂಟಿ ಬಿಡಿಸಿದ ಕನಕಾಂಬರವನ್ನು ಅವಳ ಮುಂದೆ ಸುರಿದರು.